ಮಗಳನ್ನ ಶಿಬಿರದಿಂದ ಕರಕೊಂಡು ಬರಾಕ ಹ್ವಾದ ಮಾಳವ್ವ

ಬಬಲೇಶ್ವರದ ಕಡೆ ಒಂದು ಸಣ್ಣ ಊರು. ಆ ಊರಾಗ ಒಂದು ಚಾದ ಅಂಗಡಿ. ಉಳಿದ ಮಂದಿಗೆಲ್ಲಾ ಸ್ಟೀಲ್ ಲೋಟ, ಮಾಳವ್ವನ ಓಣಿಯ ದಲಿತರಿಗೆ ಮಾತ್ರ ಪ್ಲಾಸ್ಟಿಕ್ ಕಪ್ಪು. ಅದನ್ನೂ ಹೊರಗ ನಿಂತು ಕುಡೀಬೇಕು. ಇಂಥಾ ಅಂಗಡಿ ನೀವೂ ಕಂಡೀರಿ, ಸುಳ್ಳ ಯಾಕ ಹೇಳೂದು?

ಮಾಳವ್ವನ ಮಗಳು ದಾನೇಶ್ವರಿ ಕಾಲೇಜು ಓದೋ ಹುಡುಗಿ. ಒಂದಿನ "ನಮಗ್ಯಾಕ್ರಿ ಬ್ಯಾರೆ ಕಪ್ಪು?" ಅಂತ ಕೇಳೇ ಬಿಟ್ಟಳು. ಅಂಗಡಿಯಾಂವ ಬಾಯಿಗೆ ಬಂದಂಗ ಬೈದ. ಇಕೀನೂ ಬೈದಳು. ಮರುದಿನದಿಂದ ಹೊಲದ ಕೂಲಿ ಮಾಡೋ ಮಾಳವ್ವನ್ನ ಯಾರೂ ಕಳೆ ತೆಗ್ಯಾಕ ಕರೀಲಿಲ್ಲ.

ಅಷ್ಟರಾಗ ವಿಜಯಪುರದ ಜಲನಗರದಾಗ ಏಳು ದಿನದ ಶಿಬಿರ ಬಂತು. ಜಾತಿಭೇದದ ವಿರುದ್ಧ ದನಿ ಎತ್ತೋ ಹುಡುಗ ಹುಡುಗ್ಯಾರಿಗೆ ಮುಂದಾಳತನದ ತರಬೇತಿ. ಉಣ್ಣೂದು, ಮಲಗೂದು ಎಲ್ಲಾ ಅಲ್ಲೇ. ಅಪ್ಪ ಧೂಳಪ್ಪ ಹೂಂ ಅಂದ, ಮಗಳು ಹೋದಳು.

"ಅಲ್ಲಿ ಜಗಳಾ ಆಡೂದ ಕಲಸ್ತಾರಂತ ಬೇ," ಅಂದಳು ಬಾಜೂ ಮನಿ ಮಹಾನಂದಾ. "ನಿನ್ನ ಕೂಲಿ ಹೋತು. ನಾಳೆ ಹುಡುಗೀಗೇ ಏನರ ಮಾಡಿದ್ರ?"

ಶಿಬಿರದ ಮೂರನೇ ದಿನ ಮಾಳವ್ವ ಬಸ್ ಹತ್ತಿದಳು. ಮಗಳನ್ನ ಕರಕೊಂಡ ಬರೂದು, ಮುಗೀತು!

ಶಿಬಿರದ ಬಾಗಲದಾಗ ಸಿಕ್ಕಾಕಿ ಸಬೀರಾ, ತರಬೇತಿ ನಡಸಾಕಿ. "ಬರ್ರಿ ಅಕ್ಕಾರ, ಒಂದ ಹತ್ತ ನಿಮಿಷ ಕುಂತು ನೋಡ್ರಿ. ಆಮ್ಯಾಲ ಕರಕೊಂಡು ಹೋಗೂದಾದ್ರ ಹೋಗ್ರಿ."

ಒಳಗ ಇಪ್ಪತ್ತೈದು ಮಂದಿ. ಎಲ್ಲಾ ಜಾತಿಯವರೂ ಅದಾರ, ಮುಸಲ್ಮಾನರ ಹುಡುಗ್ಯಾರೂ ಅದಾರ. ನಟ್ಟನಡುವ ದಾನೇಶ್ವರಿ! ಒಬ್ಬ ಹುಡುಗಿ ಚಾದಂಗಡಿ ಮಾಲಕನ ವೇಷ ಹಾಕಿ ಒದರಾಡಾಕತ್ತಾಳ. ದಾನೇಶ್ವರಿ ಮಾತ್ರ ದನಿ ಏರಸವಲ್ಲಳು. "ಅಣ್ಣಾರ, ಎಲ್ಲಾರಿಗೂ ಕೊಡೋ ಲೋಟದಾಗ ನಮಗೂ ಕೊಡ್ರಿ. ಇದು ನಮ್ಮ ಹಕ್ಕು, ಕಾನೂನದಾಗ ಐತಿ."

ಯವ್ವಾ! ಇದು ನನ್ನ ಮಗಳ ಏನು? ಮಾಳವ್ವ ರೆಪ್ಪಿ ಬಡೀದ ನೋಡಿದಳು.

"ಮೊದಲ ಇಕಿ ಒಬ್ಬಾಕೇ ಹೋಗಿ ಬೈದು ಬಂದಿದ್ದಳು," ಸಬೀರಾ ಸಾವಕಾಶ ಹೇಳಿದಳು. "ನಾವು ಜಗಳಾ ಕಲಸೂದಿಲ್ರಿ. ಒಬ್ಬರ ಹೋಗಬ್ಯಾಡ್ರಿ, ನಾಕು ಮಂದಿ ಕೂಡಿ ಹೋಗ್ರಿ ಅಂತೇವಿ. ದಿನ, ಟೈಮು, ಯಾರಿದ್ರು ಅನ್ನೂದನ್ನ ಬರದಿಟ್ಕೋರಿ. ಕೇಳದಿದ್ರ ಪೊಲೀಸ್ ಠಾಣಾಕ, ಸಮಾಜ ಕಲ್ಯಾಣ ಇಲಾಖೆಗೆ ಬರವಣಿಗ್ಯಾಗ ದೂರು ಕೊಡ್ರಿ. ಇಷ್ಟ."

ಆಗ ಚೇತನಕುಮಾರ ಅನ್ನೋ ಹುಡುಗ ಮಾಳವ್ವಗ ತಂಬಿಗಿ, ಲೋಟ ಹಿಡಕೊಂಡು ನೀರು ತಂದ. ಅಂವ ಮೇಲ್ಜಾತಿಯ ದೊಡ್ಡ ಹೊಲಮನಿಯವರ ಮಗ. ಮಾಳವ್ವ ಗಪ್ಪನ ಎದ್ದಳು, ಬಗ್ಗಿದಳು, ಎರಡೂ ಕೈ ಬೊಗಸಿ ಮಾಡಿ ಒಡ್ಡಿದಳು. ಹೊಲದಾಗ ಹಂಗ. ಲೋಟ ಮುಟ್ಟಬಾರದಂತ ಮ್ಯಾಲಿಂದ ನೀರು ಹಾಕ್ತಾರ, ಬೊಗಸ್ಯಾಗ ಕುಡೀಬೇಕು.

ಚೇತನಕುಮಾರನ ಮಾರಿ ಕಪ್ಪಿಟ್ಟಿತು.

"ಯವ್ವಾ, ನಮ್ಮ ಹೊಲದಾಗ ನಾನೂ ಹಿಂಗ ಹಾಕೇನ್ರಿ. ತಪ್ಪಾತು." ಲೋಟ ತುಂಬಿಸಿ ಅಕಿ ಕೈಯಾಗ ಇಟ್ಟ, ಅಲ್ಲೇ ನೆಲದ ಮ್ಯಾಲ ಕುಂತ.

ಮಾಳವ್ವ ಲೋಟಾನ ಎರಡೂ ಕೈಯಾಗ ಹಿಡದಳು. ಲೋಟಕ್ಕ ತುಟಿ ಹಚ್ಚಿ ನೀರು ಕುಡದಳು.

ದಾನೇಶ್ವರಿ ಬಂದು ಬಾಜೂಕ ಕುಂತಳು. "ಯವ್ವಾ, ಕೈ ಹಂಗ ಒಡ್ಡೂದು ನಿನಗ ಯಾರ ಕಲಿಸಿದ್ರು?"

"ನಮ್ಮವ್ವ. ಅಕಿಗೆ ಅವರವ್ವ."

"ನೀ ನನಗ ಕಲಿಸಲಿಲ್ಲ. ಸಾಲಿಗೆ ಕಳಿಸಿದಿ. ಅದಕ್ಕ ನಾ ಇಲ್ಲಿ ನಿಂತೇನಿ ಬೇ."

ಮಾಳವ್ವಗ ಅಳು ಒತ್ತರಿಸಿ ಬಂತು. ಮಗಳ ಮಾರಿ ಹೊಸದಾಗಿ ನೋಡಿದಂಗ ನೋಡಿದಳು. ನನ್ನ ಹೊಟ್ಯಾಗ ಹುಟ್ಟಿದ್ದು ಇಷ್ಟು ದೊಡ್ಡ ಜೀವ ಅಂತ ಗೊತ್ತ ಇದ್ದಿಲ್ಲಲ್ಲಾ!

ಸೆರಗಿನಿಂದ ಕಣ್ಣು ಒರಸಿಕೊಂಡು ಸಬೀರಾಗ ಅಂದಳು: "ಉಳದ ನಾಕು ದಿನಾನೂ ಇಟ್ಕೋರಿ. ಪೂರಾ ಕಲಸ್ರಿ. ಆದ್ರ ಒಂದ ಮಾತು. ಇಕಿ ಊರಿಗೆ ಹೊಳ್ಳಿ ಬಂದು ಆ ಅಂಗಡಿಗೆ ಹೋಗೂ ದಿನ ನಾಕು ಮಂದಿ ಬೇಕಂದ್ರೆಲ್ಲಾ? ಅದರಾಗ ಮೊದಲನೇದಾಕಿ ನಾ. ಇಕಿ ಅಪ್ಪನ್ನ ನಾ ಎಬ್ಬಿಸಿಕೊಂಡು ಬರ್ತೀನಿ. ಬಾಜೂ ಮನಿ ಮಹಾನಂದಾನೂ ಬರ್ತಾಳ, ಹೆಂಗ ಬರೂದಿಲ್ಲ ನೋಡ್ತೀನಿ!"

ಅಣ್ಣಾರ, ಅಕ್ಕಾರ, ನಿಮ್ಮ ಮನ್ಯಾಗೂ ಯಾಕಂತ ಕೇಳೋ ಮಗಳೋ ಮಗನೋ ಅದಾರ. ಅವರ ಬಾಯಿ ಮುಚ್ಚಸಬ್ಯಾಡ್ರಿ, ಇಂಥಾ ತರಬೇತಿಗೆ ಕಳಸ್ರಿ. ಮ್ಯಾಲಿಂದ ನೀರು ಹಾಕೋ ಮನಿ ನಿಮ್ಮದಾಗಿದ್ರ, ಇವತ್ತ ಲೋಟ ಕೈಗೆ ಕೊಡ್ರಿ. ಮತ್ತ ನಿಮ್ಮ ಹುಡುಗ್ರು ನ್ಯಾಯ ಕೇಳಾಕ ಹೊಂಟ ದಿನ ಮನ್ಯಾಗ ಕುಂದ್ರಬ್ಯಾಡ್ರಿ, ಅವರ ಬೆನ್ನಿಗೆ ನೀವೂ ಎದ್ದು ಹೊಂಡ್ರಿ.