ತೊಳೆದ ಕಾಲು

ಶಾಲೆಯ ನೋಟಿಸ್ ಬೋರ್ಡಿನಲ್ಲಿ ಆರು ಹೆಸರುಗಳಿದ್ದವು. ನನ್ನದು ಮೂರನೆಯದು. ಮೇಲೆ ದಪ್ಪಕ್ಷರದಲ್ಲಿ "ಮಕ್ಕಳ ತೂಕದ ಬಗ್ಗೆ ಕಾಳಜಿ ವಹಿಸದ ಪೋಷಕರು" ಎಂದು ಬರೆದು ಗೆರೆ ಎಳೆದಿದ್ದರು. ಗೆರೆಯ ಕೆಳಗೆ ತನುಜಾ ಮೃತ್ಯುಂಜಯ. ಗಂಡನ ಹೆಸರು ನನ್ನ ಹೆಸರಿನ ಬಾಲವಾಗಿ ಮಾತ್ರ ಇತ್ತು. ಅಜ್ಜಂಪುರದಲ್ಲಿ ಗುತ್ತಿಗೆ ಲೈನ್‌ಮನ್ ಆಗಿ ವಾರಕ್ಕೊಮ್ಮೆ ಮನೆ ಮುಖ ನೋಡುವವನಿಗೆ ಮಗನ ತೂಕದ ಹೊಣೆ ಇಲ್ಲವೆಂದು ಸಮಿತಿಯವರು ತೀರ್ಮಾನಿಸಿದಂತಿತ್ತು.

ಶಾಲೆ ನಮ್ಮೂರಿನ ಟ್ರಸ್ಟಿನದು. ಅಧ್ಯಕ್ಷರು ಈರಭದ್ರಪ್ಪ, ಕಡೂರಿನಲ್ಲಿ ತೆಂಗಿನಕಾಯಿ ವ್ಯಾಪಾರ. ಜೂನ್ ತಿಂಗಳಲ್ಲಿ ಡಾಕ್ಟರು ಬಂದು ಮಕ್ಕಳನ್ನೆಲ್ಲ ತೂಗಿ, ಕೆಲವರು ಮಿತಿ ಮೀರಿದ್ದಾರೆ ಎಂದು ಬರೆದುಕೊಟ್ಟು ಹೋದ ಮೇಲೆ ಅವರು ಪೋಷಕರ ಸಭೆ ಕರೆದಿದ್ದರು.

"ಮಗು ದಪ್ಪ ಆದ್ರೆ ಮಗೂಗೆ ಬೈದು ಏನ್ ಬಂತು? ಅದೇನು ತಾನೇ ಬೇಯಿಸ್ಕೊಂಡು ತಿನ್ನುತ್ತಾ? ತಟ್ಟೇಗೆ ಹಾಕಿದ ಕೈಗೆ ಶಿಕ್ಷೆ ಆಗ್ಬೇಕು" ಎಂದಿದ್ದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಗ ನನ್ನ ಮಗನ ತೂಕ ನನಗೆ ಗೊತ್ತಿರಲಿಲ್ಲ.

ನಿಯಮ ಸರಳವಾಗಿತ್ತು. ತಿಂಗಳಿಗೊಮ್ಮೆ ತೂಕ. ಮೊದಲ ತಿಂಗಳು ಇಳಿಯದಿದ್ದರೆ ಬೋರ್ಡಿನಲ್ಲಿ ಹೆಸರು. ಎರಡನೇ ತಿಂಗಳೂ ಇಳಿಯದಿದ್ದರೆ, ಉಚಿತ ಸೀಟು ಇದ್ದವರ ಸೀಟು ರದ್ದು. ನನ್ನ ವಿಶ್ವಾರಾಧ್ಯನದು ಉಚಿತ ಸೀಟು. ಐದನೇ ಕ್ಲಾಸು, ನಲವತ್ತೊಂಬತ್ತು ಕೆಜಿ. ನಾನು ಕಡೂರಿನಲ್ಲಿ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವವಳು. ಸೀಟು ಹೋದರೆ ಊರ ಮಕ್ಕಳಿಗೆಲ್ಲ ಆ ಶಾಲೆಯ ನೀಲಿ ಚಡ್ಡಿ ಹೊಲಿಯುತ್ತಾ, ನನ್ನ ಮಗನನ್ನು ಇನ್ನೆಲ್ಲಿಗೋ ಬಸ್ ಹತ್ತಿಸಬೇಕಾಗಿತ್ತು.

"ರಾತ್ರಿ ಏನ್ ಕೊಡ್ತೀರಾ?" ಕ್ಲಾಸ್ ಟೀಚರ್ ಹೇಮಾವತಿ ಮೇಡಂ ಪೆನ್ ಹಿಡಿದು ಕೇಳಿದರು.

"ಮುದ್ದೆ, ಸೊಪ್ಪಿನ ಸಾರು."

"ಅಷ್ಟೇನಾ?"

"ಅರ್ಧ ಲೋಟ ಮಜ್ಜಿಗೆ."

ಅವರು ಬರೆದುಕೊಳ್ಳಲಿಲ್ಲ. "ಎಲ್ಲಾ ತಾಯಂದಿರೂ ಇದನ್ನೇ ಹೇಳ್ತಾರೆ ಕಣ್ರೀ" ಎಂದು ಪೆನ್ನಿನ ಮುಚ್ಚಳ ಹಾಕಿದರು.

ನಾನು ಸುಳ್ಳು ಹೇಳಿರಲಿಲ್ಲ. ಹಾಗಾದರೆ ಬೇರೆ ಯಾರೋ ಹಾಕುತ್ತಿದ್ದಾರೆ. ಮೊದಲು ಅತ್ತೆ ಸಾವಿತ್ರಮ್ಮನವರ ಮೇಲೆ ಅನುಮಾನ ಬಂತು. ಬೆಳಿಗ್ಗೆ ಏಳಕ್ಕೆ ಹೊರಟರೆ ನಾನು ಮನೆಗೆ ಬರುವುದು ರಾತ್ರಿ ಏಳೂವರೆಗೆ. ನಡುವೆ ಅಡುಗೆಮನೆ ಅವರ ಕೈಯಲ್ಲಿ. ತುಪ್ಪದ ಡಬ್ಬಿಗೆ ಒಳಗಿನಿಂದ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿಟ್ಟೆ. ನಾಲ್ಕು ದಿನವಾದರೂ ತುಪ್ಪ ಗುರುತಿಗೇ ಇತ್ತು. ಐದನೇ ದಿನ ಅತ್ತೆಯೇ ಡಬ್ಬಿ ತಂದು ನನ್ನ ಮುಂದೆ ಇಟ್ಟರು.

"ಗುರುತು ಹಾಕಿರೋದು ಕಾಣಲ್ಲ ಅನ್ಕೊಂಡ್ಯೇನೇ? ಕಣ್ಣಿನ ಆಪರೇಷನ್ ಆಗಿದೆ ಕಣೇ. ಈಗ ನಿನ್ ಮನಸ್ಸಲ್ಲಿರೋದೂ ಕಾಣ್ಸುತ್ತೆ."

ಆಮೇಲೆ ಬಸ್ ಸ್ಟಾಪಿನ ಬೇಕರಿ ತಿಮ್ಮೇಶ್. ಅವನ ಹತ್ತಿರ ನಯವಾಗಿ ಕೇಳೋಣವೆಂದು ಹೋದರೆ ಬಾಯಿಂದ ಬಂದದ್ದು ಜಗಳದ ದನಿಯೇ.

"ನಮ್ಮ ಹುಡುಗಂಗೆ ಏನೇನ್ ಕೊಡ್ತೀಯಪ್ಪಾ?"

"ಅಕ್ಕ, ಅವ್ನು ನನ್ನ ಗಾಜಿನ ಕಡೆ ತಿರುಗೂ ನೋಡಲ್ಲ. ಮೊನ್ನೆ ಬಿಟ್ಟಿ ಬನ್ ಕೊಟ್ರೂ ಹೊಟ್ಟೆ ತುಂಬಿದೆ ಅಂದ. ಶಾಲೆ ಬಿಟ್ಟ ಹೊತ್ತಲ್ಲಿ ಹೊಟ್ಟೆ ತುಂಬಿರೋ ಹುಡುಗನ್ನ ನಾನು ಇವ್ನೊಬ್ಬನ್ನೇ ನೋಡಿದ್ದು."

ಅಂದಿನಿಂದ ದಿನಾ ರಾತ್ರಿ ಟೇಪು ಹಿಡಿದು ವಿಶ್ವನ ಸೊಂಟ ಅಳೆಯತೊಡಗಿದೆ. ಚಡ್ಡಿಯ ಹೊಲಿಗೆಯೊಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಆಗಲೇ ಬಿಚ್ಚಿಯಾಗಿತ್ತು. ಸೋಮವಾರ ಮಾತ್ರ ಟೇಪು ಒಂದೂವರೆ ಇಂಚು ಹೆಚ್ಚು ತೋರಿಸುತ್ತಿತ್ತು. ಅಂದು ಅವನು ಮುದ್ದೆಯನ್ನು ಔಷಧಿ ನುಂಗಿದಂತೆ ನುಂಗುತ್ತಿದ್ದ, ಆದರೆ ಬೇಡ ಎನ್ನುತ್ತಿರಲಿಲ್ಲ.

ಹೊಟ್ಟೆ ಅಳೆಯಲು ಬಗ್ಗಿದ್ದವಳಿಗೆ ಒಂದು ಸೋಮವಾರ ಅವನ ಕಾಲು ಕಂಡಿತು. ಶಾಲೆಯಿಂದ ನಮ್ಮ ಮನೆಗೆ ಕೆರೆ ಏರಿಯ ಮೇಲೆ ನಡೆದು ಬರಬೇಕು. ಬೇರೆ ದಿನ ಮೊಣಕಾಲಿನವರೆಗೆ ಕೆಮ್ಮಣ್ಣು. ಅವತ್ತು ಬೆರಳ ಸಂದಿಯೂ ಬೆಳ್ಳಗಿತ್ತು.

"ಕಾಲು ಯಾರೋ ತೊಳೆದಿದ್ದು?"

"ನಾನೇ."

ಹತ್ತು ವರ್ಷದಲ್ಲಿ ನಾನು ಕಿರುಚದೆ ಅವನು ಕಾಲು ತೊಳೆದವನಲ್ಲ.

ಮುಂದಿನ ಸೋಮವಾರ ಅರ್ಧ ದಿನ ರಜೆ ಹಾಕಿ ಬಂದೆ. ಮನೆಗೆ ಹೋಗಲಿಲ್ಲ. ಶಾಲೆಯ ಎದುರಿನ ಹಿಟ್ಟಿನ ಗಿರಣಿಯಲ್ಲಿ, ಬೀಸಿಸಲು ಬಂದವಳ ಹಾಗೆ ನಿಂತೆ. ಬೆಲ್ ಹೊಡೆದ ಮೇಲೆ ವಿಶ್ವ ಒಬ್ಬನೇ ಹೊರಟ. ಏರಿಯ ಕಡೆ ಹೋಗಲಿಲ್ಲ. ಗಿರಣಿಯಿಂದ ನಾಲ್ಕು ಮನೆ ಆಚೆಗಿದ್ದ ದೇವೀರಪ್ಪನವರ ಮನೆಯೊಳಗೆ ಹೋಗಿ, ಅರ್ಧ ಗಂಟೆಯಾದ ಮೇಲೆ ಬಾಯಿ ಒರೆಸಿಕೊಳ್ಳುತ್ತಾ ಬಂದ. ಒಂದು ಸಲ ನಿಂತು ಚಡ್ಡಿಯ ಹುಕ್ಕು ಬಿಚ್ಚಿಕೊಂಡ. ಆಮೇಲೆ, ಸುತ್ತಾದರೂ ಕೆಸರಿಲ್ಲದೆ ನಮ್ಮ ಮನೆಗೂ ಹೋಗುವ ಮೇಲಿನ ಬೀದಿಗೆ ತಿರುಗಿ ಅಧ್ಯಕ್ಷರ ಮನೆಯ ಮೆಟ್ಟಿಲು ಹತ್ತಿದ.

ಆಗ ನನಗೆ ಅರ್ಧ ಅರ್ಥವಾಯಿತು. ಇನ್ನರ್ಧಕ್ಕೆ ನಾನೂ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ.

ನಮ್ಮದು ಊರಿಗೆ ಒಂದೇ ಜಂಗಮರ ಮನೆ. ಸೋಮವಾರ ಉಪವಾಸ ಹಿಡಿದ ಮನೆಗಳಲ್ಲಿ ಸಂಜೆ ಅಯ್ಯನವರನ್ನು ಕರೆದು, ಕಾಲಿಗೆ ನೀರು ಹಾಕಿ, ಊಟ ಬಡಿಸಿ, ಆಮೇಲೆ ತಾವು ಉಣ್ಣುತ್ತಾರೆ. ಮಾವನವರು ಇರುವವರೆಗೆ ಅವರು ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ನನ್ನ ಗಂಡ, ಕಂಬ ಹತ್ತಿ ದುಡಿಯುವವನು, ಕರೆದವರ ಮನೆಗೆಲ್ಲ ಹೋಗಿ ಮಣೆಯ ಮೇಲೆ ಕೂರುವುದು ತನ್ನಿಂದಾಗದು ಎಂದು ಕೈ ಮುಗಿದುಬಿಟ್ಟಿದ್ದ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಹೋದ ವರ್ಷ ವಿಶ್ವನಿಗೆ ದೀಕ್ಷೆಯಾದದ್ದನ್ನು ಊರು ಮರೆತಿರಲಿಲ್ಲ, ನಾನು ಮರೆತಿದ್ದೆ.

ಒಳಗೆ ಅವನು ಮಣೆಯ ಮೇಲೆ ಕೂತಿದ್ದ. ತೊಳೆದ ಕಾಲಿನಿಂದ ನೀರು ಇನ್ನೂ ಇಳಿಯುತ್ತಿತ್ತು. ಈರಭದ್ರಪ್ಪನವರ ಹೆಂಡತಿ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಿದ್ದರು.

"ಸಾಕು" ಎಂದ.

"ಸಾಕು ಅನ್ಬಾರ್ದು ಮರಿ ಅಯ್ನೋರು. ನಿಮ್ಮ ತಾತ ಐದು ಉಣ್ತಿದ್ರು."

ತಟ್ಟೆಯಲ್ಲಿ ಅಗುಳು ಬಿಡುವಂತಿಲ್ಲ; ಬಿಟ್ಟರೆ ಹಾಕಿದವರಿಗೆ ಅವಮಾನ. ಅದನ್ನು ಅವನಿಗೆ ಕಲಿಸಿದವಳು ನಾನೇ. ಹುಡುಗ ಉಸಿರು ಎಳೆದುಕೊಂಡು ಕೈ ಹಾಕಿದ.

"ಹಾಕಿದ ಕೈಗೆ ಶಿಕ್ಷೆ ಅಂದಿದ್ರಲ್ಲ ಅಣ್ಣ" ಎಂದೆ. "ಯಾವ ಕೈ ಅಂತ ನೋಡಕ್ಕೆ ಬಂದೆ."

ಈರಭದ್ರಪ್ಪ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು. "ಬನ್ನಿ ಅಮ್ಮನೋರೆ, ಕೂತ್ಕೊಳ್ಳಿ. ವಾರಕ್ಕೊಂದ್ ಹೊತ್ತು ಉಣ್ಣಿಸಿದ್ರೆ ಯಾರಾದ್ರೂ ದಪ್ಪ ಆಗ್ತಾರಾ?"

"ಈಗ ತಾನೇ ದೇವೀರಪ್ಪನೋರ ಮನೇಲಿ ಉಂಡು ಬಂದವ್ನೆ."

ಅವರು ಹುಡುಗನ ಕಡೆ ತಿರುಗಿದರು. ನನ್ನ ಮೇಲಿದ್ದ ಅನುಮಾನ ಈಗ ದೇವೀರಪ್ಪನ ಮೇಲೆ ಹೋದದ್ದು ಮುಖದಲ್ಲೇ ಕಂಡಿತು. "ಹೌದಾ ಮರಿ? ನಮ್ ಮನೆಗಿಂತ ಮೊದ್ಲೇ?"

ವಿಶ್ವ ತಲೆಯಾಡಿಸಿದ.

"ಅಲ್ಲೇನು ಮಾಡಿದ್ರು?" ಎಂದರು ಅವರ ಹೆಂಡತಿ.

"ಕಡುಬು."

"ಇನ್ನೂ ಯಾರ್ಯಾರ ಮನೇಗೆ ಹೋಗ್ತೀಯೋ?" ನಾನು ಕೇಳಿದೆ.

ಎಡಗೈ ಬೆರಳು ಮಡಚುತ್ತಾ ಹೋದ. ಐದೂ ಮುಗಿದ ಮೇಲೆ ನಿಂತ. "ಅಮಾಸೆದೂ ಹೇಳ್ಲಾ ಅಮ್ಮ?"

"ಬಾಯಿ ಬಿಟ್ಟು ಒಂದ್ ಮಾತು ಹೇಳಕ್ಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಬಿಡಿಸ್ತೀಯ. ನಾನು ಉಂಡ್ರೇನೇ ಅವ್ರು ಉಣ್ಣೋದಂತೆ." ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಈರಭದ್ರಪ್ಪನವರ ತಾಯಿಯ ಕಡೆ ಎಂಜಲು ಕೈ ತೋರಿಸಿದ. "ಆ ಅಜ್ಜಿ ಬೆಳಿಗ್ಗಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ."

ಪ್ರತಿ ಮನೆಯವರೂ ಹುಡುಗ ತಮ್ಮ ಮನೆಗೊಂದಕ್ಕೇ ಬರುತ್ತಾನೆಂದು ನಂಬಿದ್ದರು. ತಾತ ಎಲ್ಲಿ ಉಂಡರೆಂದು ಯಾರೂ ಕೇಳಿದ್ದಿಲ್ಲ, ಮೊಮ್ಮಗನನ್ನೂ ಕೇಳಿರಲಿಲ್ಲ.

ಈರಭದ್ರಪ್ಪ ನನ್ನನ್ನು ಜಗಲಿಗೆ ಕರೆದರು. ದನಿ ಮೆತ್ತಗಾಗಿತ್ತು. "ಬೋರ್ಡಿಂದ ನಿಮ್ಮ ಹೆಸ್ರು ತೆಗಸ್ತೀನಿ. ತೂಕ ಇಳೀಲಿ ಬಿಡ್ಲಿ, ಸೀಟಿಗೆ ತೊಂದ್ರೆ ಆಗಲ್ಲ. ಸೋಮವಾರ ಮಾತ್ರ ತಪ್ಪಿಸ್ಬೇಡಿ."

"ಮಿಕ್ಕ ಐದು ಹೆಸ್ರು?"

"ಅವರ ವಿಷ್ಯ ಬೇರೆ."

ತಲೆಯಾಡಿಸಿದ್ದರೆ ಸೀಟು ಉಳಿಯುತ್ತಿತ್ತು. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವನ ಸೊಂಟಕ್ಕೆ ಬಿಚ್ಚಿ ಬಿಡಲು ನನ್ನ ಬಳಿ ಇನ್ನು ಬಟ್ಟೆ ಇರಲಿಲ್ಲ. ಅದೂ ಅಲ್ಲದೆ, ಇವತ್ತು ಸೋಮವಾರಕ್ಕಾಗಿ ನಿಯಮ ಮುರಿಯುವ ಮನುಷ್ಯ ನಾಳೆ ಇನ್ನೊಂದಕ್ಕಾಗಿ ಅದನ್ನೇ ನನ್ನ ಮೇಲೆ ತಿರುಗಿಸುವುದಿಲ್ಲ ಎಂದು ಹೇಗೆ ನಂಬುವುದು?

"ನನ್ನ ಹೆಸ್ರು ಇರ್ಲಿ ಅಣ್ಣ. ಕೆಳಗೆ ನಿಮ್ದೂ ದೇವೀರಪ್ಪನೋರ್ದೂ ಸೇರ್ಸಿ. ಹಾಕಿದ ಕೈಗಳೇ ಅಲ್ವಾ?"

"ತಮಾಷೆ ಮಾಡ್ತಿದೀರಾ?"

"ಬೆಳಿಗ್ಗೆ ಐದಕ್ಕೆ ಏಳೋಳಿಗೆ ತಮಾಷೆಗೆಲ್ಲಿ ಟೈಮು?"

ಒಳಗಿನಿಂದ ಅಜ್ಜಿಯ ದನಿ ಬಂತು. "ಈರಭದ್ರಾ, ನಿಮ್ದು ಮುಗೀತೇನೋ? ಮರಿ ಕೈ ಕಟ್ಕೊಂಡು ಕೂತವ್ನೆ. ಅವ್ನು ತಟ್ಟೆ ಬಿಟ್ಟು ಎದ್ರೆ ನಾನು ಇವತ್ತೂ ಉಣ್ಣಂಗಿಲ್ಲ, ನಾಳೇನೂ ಉಣ್ಣಂಗಿಲ್ಲ."

ನಾನು ಒಳಗೆ ಹೋಗಿ ವಿಶ್ವನನ್ನು ಎಬ್ಬಿಸಿ, ಅವನ ಮಣೆಯ ಮೇಲೆ ಕೂತೆ. "ಇನ್ಮೇಲೆ ಅವ್ನ ಬದ್ಲು ನಾನು ಬತ್ತೀನಿ" ಎಂದೆ.

ಈರಭದ್ರಪ್ಪನವರ ಹೆಂಡತಿ ಗಂಡನ ಮುಖ ನೋಡಿದರು. "ಹೆಂಗಸ್ರನ್ನ ಕೂರಿಸೋ ಪದ್ಧತಿ ನಮ್ಮಲ್ಲಿ..."

"ಅವ್ಳ ಕೊರಳಲ್ಲಿ ಇರೋದೂ ಲಿಂಗಾನೇ ಕಣೇ" ಎಂದರು ಅಜ್ಜಿ. "ಯಾರಾದ್ರೂ ಉಣ್ಲಿ. ನಂಗೆ ಹಸಿವಾಗಿದೆ."

ಮಗ ಬಿಟ್ಟ ತಟ್ಟೆಯನ್ನು ಮುಗಿಸಿ, ಅಗುಳೂ ಉಳಿಯದಂತೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದೆ. ಮಧ್ಯಾಹ್ನ ನಾನೂ ಏನೂ ತಿಂದಿರಲಿಲ್ಲ ಎಂಬುದು ಆಗ ನೆನಪಾಯಿತು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವರು ಸೆರಗಿನಲ್ಲಿ ಕನ್ನಡಕ ಒರೆಸಿದರು. "ನಂಗ್ ಗೊತ್ತಿದ್ದದ್ದು ದೇವೀರಪ್ಪನ ಮನೆ ಒಂದೇ ಕಣೇ." ನಾನು ನಂಬಲಿಲ್ಲ, ಬೈಯಲೂ ಇಲ್ಲ. ಮಿಕ್ಕ ಮನೆಗಳಿಗೆ ಹೋಗಿ, ಇನ್ನು ಹುಡುಗ ಬರುವುದಿಲ್ಲವೆಂದು ಹೇಳಿ ಬರುವ ಕೆಲಸವನ್ನು ಅವರಿಗೇ ಒಪ್ಪಿಸಿದೆ.

ಬುಧವಾರ ಬೋರ್ಡು ಖಾಲಿಯಾಗಿತ್ತು. ಆರೂ ಹೆಸರಿರಲಿಲ್ಲ. ಮಳೆಯ ಇರಚಲು ಹೊಡೆದು ಅಳಿಸಿಹೋಯಿತು ಎಂದರು ಹೇಮಾವತಿ ಮೇಡಂ. ಬೋರ್ಡು ಇರುವುದು ಆಫೀಸಿನ ಒಳಗೋಡೆಯಲ್ಲಿ. ನಿಯಮ ರದ್ದಾಯಿತೆಂದು ಮಾತ್ರ ಯಾರೂ ಹೇಳಲಿಲ್ಲ. ಹೀಗಾಗಿ ತಿಂಗಳ ಕೊನೆಯ ಶನಿವಾರ ನಾನೇ ಶಾಲೆಗೆ ಹೋಗಿ ತೂಕದ ಮಷಿನ್ ಪಕ್ಕ ನಿಂತೆ. ನಲವತ್ತೇಳೂವರೆ. ಮೇಡಂ ಹೇಳಿದ್ದು ಸಾಲದೆ ನಾನೂ ಬಗ್ಗಿ ನೋಡಿದೆ, ಪುಸ್ತಕದಲ್ಲಿ ಅದನ್ನೇ ಬರೆದರೇ ಎಂದೂ ನೋಡಿದೆ. ಸೀಟು ಉಳಿಯಿತು.

ಅದರ ಮರು ಸೋಮವಾರ ಬೀರೂರಿನ ಹತ್ತಿರ ರೈಲ್ವೆ ಗೇಟು ಹಾಕಿ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಮೇಲಿನ ಬೀದಿಗೆ ಬರುವಷ್ಟರಲ್ಲಿ ಎಂಟೂಕಾಲು. ಈರಭದ್ರಪ್ಪ ಜಗಲಿಯ ತುದಿಯಲ್ಲಿ ನಿಂತು ದಾರಿ ನೋಡುತ್ತಿದ್ದರು, ಹಸಿವಿಗೆ ಮುಖ ಬಾಡಿತ್ತು.

"ಇಷ್ಟೊತ್ತಾ ಅಮ್ಮನೋರೆ?"

"ಬಸ್ಸಿನೋರಿಗೆ ನೀವೇ ಒಂದ್ ನಿಯಮ ಮಾಡಿ ಅಣ್ಣ."

ದಿನವಿಡೀ ಹೊಲಿಗೆ ಮಷಿನ್ ತುಳಿದ ಕಾಲಿಗೆ ಅವರ ಹೆಂಡತಿ ಬಿಸಿನೀರು ಹಾಕಿದರು. ಕೂತೆ. ಒಂದು ಹೋಳಿಗೆ, ಅನ್ನ, ಸಾರು. ಎರಡನೆಯದನ್ನು ತಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಅವರು ಒತ್ತಾಯ ಮಾಡಲಿಲ್ಲ.

ಏಳುವಾಗ ಈರಭದ್ರಪ್ಪ ನನ್ನ ಬ್ಯಾಗಿನ ಕಡೆ ನೋಡುತ್ತಿದ್ದರು.

"ಮರಿಗೆ ಏನೂ ಕಟ್ಕೊಂಡ್ ಹೋಗ್ತಿಲ್ಲ ತಾನೇ? ತಿಂಗ್ಳ ಕೊನೇಗೆ ಮತ್ತೆ ತೂಕ ಇದೆ."

ಬ್ಯಾಗು ತೆರೆದು ಮುಂದೆ ಇಟ್ಟೆ. ಟೇಪು, ಕತ್ತರಿ, ಖಾಲಿ ಊಟದ ಡಬ್ಬಿ. ಅವರು ಡಬ್ಬಿಯ ಮುಚ್ಚಳ ತೆಗೆದು, ದೀಪದ ಕಡೆ ವಾಲಿಸಿ ಒಳಗೆ ನೋಡಿದರು. ಆಮೇಲೆ ಮುಚ್ಚಿ ನನ್ನ ಕೈಗೆ ಕೊಟ್ಟು, ಉಣ್ಣಲು ಕೂತರು.