ಎರಡು ಬೆರಳಿನ ದೂರ

"ತಲೆ ವಾಲಿಸಬ್ಯಾಡ ಮಗಾ, ನೆಟ್ಟಗೆ ನಿಂದ್ರು," ಎಂದರು ತೋಟಪ್ಪ ಮೇಷ್ಟ್ರು.

ಶಹಜಾದಿ ನೆಟ್ಟಗೆ ನಿಂತಳು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಹಿಡಿಯಬೇಕು. ಹಿಡಿದರೆ ಶಾಲೆಗೆ ಬರುವ ವಯಸ್ಸಾಯಿತೆಂದು ಲೆಕ್ಕ. ಹುಟ್ಟಿದ ತಾರೀಖು ಬರೆದಿಟ್ಟವರು ದಾವಣಗೆರೆಯ ಆ ಓಣಿಯಲ್ಲಿ ಯಾರೂ ಇರಲಿಲ್ಲ. ಪುಟ್ಟ ಬೆರಳುಗಳು ಕೂದಲಲ್ಲಿ ತಡಕಾಡಿ, ಕಿವಿಗಿಂತ ಎರಡು ಬೆರಳಿನಷ್ಟು ಮೇಲೆಯೇ ನಿಂತುಬಿಟ್ಟವು.

ಬಾಗಿಲಲ್ಲಿ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಅವಳಪ್ಪ ಹಿದಾಯತ್ ಉಸಿರು ಬಿಗಿಹಿಡಿದಿದ್ದ. ಒಂದು ತಿಂಗಳಿಂದ ಅವನು ದಿನಾ ಬೆಳಿಗ್ಗೆ ಮಗಳ ತೋಳಿಗೆ ಎಳ್ಳೆಣ್ಣೆ ಹಚ್ಚಿ ನೀವಿದ್ದ, ಎಳೆದಿದ್ದ. ಇಂಥದನ್ನು ಯಾರಾದರೂ ಮಾಡುತ್ತಾರೆಯೇ ಎಂದು ತನ್ನನ್ನೇ ಬೈದುಕೊಂಡು, ಮಾರನೇ ದಿನ ಮತ್ತೆ ಎಣ್ಣೆ ಬಟ್ಟಲು ಹಿಡಿದಿದ್ದ. ಹಗಲೆಲ್ಲ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿದು, ಸಂಜೆಯ ಶಾಲೆಯಲ್ಲಿ ಮೂವತ್ತರ ವಯಸ್ಸಿಗೆ ಅಕ್ಷರ ಕಲಿತವನು ಅವನು.

ಅವನ ಭಯಕ್ಕೆ ಕಾರಣವಿತ್ತು. ಅವನ ಅಕ್ಕ ಮಾಬೂಬೀಯನ್ನೂ ಹಿಂದೆ ಹೀಗೆಯೇ "ಮುಂದಿನ ವರ್ಷ" ಎಂದು ಮನೆಗೆ ಕಳಿಸಿದ್ದರು. ಆ ವರ್ಷ ಅವಳ ಕೈಗೆ ಭಟ್ಟಿಯ ಜರಡಿ ಬಂತು. ಇವತ್ತಿಗೂ ಕೆಳಗಿಳಿದಿಲ್ಲ.

ಮೇಷ್ಟ್ರು ಅವನ ಮುಖ ನೋಡಿದರು. "ಹೋಗ್ಲಿ ಬಿಡು ಹಿದಾಯತ್, ಮುಟ್ಟಿತು ಅಂತ ಬರಕಂತೀನಿ. ಜೂನ್ ಒಂದಕ್ಕೆ ಹುಟ್ಟಿದ್ಲು ಅಂದ್ರಾತು. ನನ್ನ ಶಾಲ್ಯಾಗೆ ಅರ್ಧ ಮಕ್ಳು ಅವತ್ತೇ ಹುಟ್ಟ್ಯಾವು."

ಹಿದಾಯತ್ ಹೂಂ ಎನ್ನುವುದರಲ್ಲಿದ್ದ. ಶಹಜಾದಿ ಕೈಯನ್ನಿನ್ನೂ ತಲೆಯ ಮೇಲಿಂದ ತೆಗೆಯದೆ, ಕೆಂಪೇರಿದ ಮುಖವನ್ನು ಅಪ್ಪನ ಕಡೆ ತಿರುಗಿಸಿ ಕೇಳಿದಳು: "ಅಬ್ಬಾ, ನನ್ನ ಕೈ ತಪ್ಪು ಮಾಡೈತಾ?"

ಹೂಂ ಎಂದರೆ ತಪ್ಪು ಅವಳ ಕೈಯದೇ ಎಂದಂತಾಗುತ್ತಿತ್ತು. "ಇಲ್ಲ ಬೇಟಿ, ಇಳಿಸು." ಮೇಷ್ಟ್ರ ಕಡೆ ತಿರುಗಿ, "ಬ್ಯಾಡ್ರಿ ಸಾರ್. ಮುಟ್ಟಿದ ಮ್ಯಾಲೆ ಕರ್ಕಂಡು ಬರ್ತೀನಿ," ಎಂದ.

ಭಟ್ಟಿಯಲ್ಲಿ ಅವನ ತಾಯಿ ಖತೀಜಾಬೀ ಕಾದಿದ್ದಳು. "ಎಣ್ಣೆ ದಂಡ ಆತು! ಉಪ್ಪುನೀರು ಕುಡಿದ ಅಕ್ಕೀನ ಆರೋಕೆ ಮುಂಚೆ ಕಾದ ಮರಳಿಗೆ ಸುರಿದ್ರೆ ಅರಳ್ತೈತೇನೋ? ಹೋಗ್ಲಿ, ಹುಡುಗಿ ಸುಮ್ನೆ ಯಾಕ ಕೂಡ್ರಬೇಕು, ಸಣ್ಣ ಜರಡಿ ಕೊಡು."

"ಅವಳು ಜರಡಿ ಮುಟ್ಟಂಗಿಲ್ಲ, ಅಮ್ಮಾ."

"ಓಹೋ, ಸಂಜೆ ಶಾಲೆ ಸಾಹೇಬ್ರು!"

ಪಕ್ಕದಲ್ಲಿ ಮಾಬೂಬೀ ಜರಡಿ ಆಡಿಸುತ್ತಲೇ ಇದ್ದಳು. ಹಿದಾಯತ್ ಮಗಳಿಗೆಂದು ತಂದಿದ್ದ ಹೊಸ ಸ್ಲೇಟನ್ನು ಗೋಡೆಯ ಮೊಳೆಗೆ ನೇತುಹಾಕಿದ.

ಆ ವರ್ಷ ಓಣಿಯ ಮಕ್ಕಳು ಚೀಲ ಹೊತ್ತು ಹೋಗುವಾಗಲೆಲ್ಲ, ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತಲ್ಲ ಎಂದು ಅವನಿಗೆ ಒಳಗೇ ಕುಟುಕುತ್ತಿತ್ತು. ಮಗಳ ತೋಳನ್ನು ಮತ್ತೆ ಅಳೆಯುವ ಧೈರ್ಯ ಬರಲಿಲ್ಲ. ಅವಳೋ, ಹರಿಹರಕ್ಕೆ ಕರೆದುಕೊಂಡು ಹೋದಾಗ ತುಂಬಿದ ಹೊಳೆಯ ಮುಂದೆ ನಿಂತು, ಎರಡೂ ಕೈ ಅಗಲಿಸಿ, "ಇನ್ನೂ ಐತೆ ಅಬ್ಬಾ, ಇನ್ನೂ ಐತೆ," ಎಂದು ಅಳೆಯುತ್ತಲೇ ಇದ್ದಳು. ಮೊಳೆಯ ಮೇಲಿನ ಸ್ಲೇಟಿಗೆ ಉಮಿಯ ಧೂಳು ಕೂತಿತು.

ಬೇಸಿಗೆ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಹಿದಾಯತ್ ಕಾದ ಮರಳಿಗೆ ಅಕ್ಕಿ ಸುರಿದು ಕೈಯಾಡಿಸಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಾಣಲೆ ತುಂಬ ಬೆಳ್ಳಗೆ ಅರಳಿ ಉಕ್ಕಿತು. ಆಚೆ ಬದಿಯಲ್ಲಿ ಶಹಜಾದಿ ಬಾಯಿ ತೆರೆದು ನೋಡುತ್ತಿದ್ದಳು, ದಿನಾ ನೋಡುವಂತೆಯೇ. ಅವಳ ಬಲಗೈ ಅವಳಿಗೇ ಗೊತ್ತಿಲ್ಲದೆ ನೆತ್ತಿಯ ಮೇಲಿಂದ ಹಾದುಹೋಗಿ, ಎಡಗಿವಿಯ ಓಲೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುವುತ್ತಿತ್ತು.

ಹಿದಾಯತನ ಕೈ ನಿಂತಿತು. ಯಾರೂ ಎಳೆದಿರಲಿಲ್ಲ. ಯಾರೂ ಎಣ್ಣೆ ಹಚ್ಚಿರಲಿಲ್ಲ. ಯಾವ ದಿನ, ಯಾವ ಹೊತ್ತಿಗೆ ಬೆಳೆಯಿತು ಅದು?

"ಸೀದು ಹೋಗ್ತೈತಲ್ಲೋ!" ಎಂದು ಖತೀಜಾಬೀ ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಹೊಗೆಯ ನಡುವೆ ಆ ಎರಡು ಬೆರಳುಗಳನ್ನೇ ನೋಡುತ್ತಿದ್ದ.

ಮಾಬೂಬೀ ತಮ್ಮನ ಮುಖ ನೋಡಿದಳು, ಹುಡುಗಿಯ ಕೈ ನೋಡಿದಳು. ಜರಡಿಯನ್ನು ಕೆಳಗಿಟ್ಟು ಎದ್ದಳು. ಮೊಳೆಯಿಂದ ಸ್ಲೇಟು ತೆಗೆದು, ಮತ್ತೆ ಕೂತು, ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಧೂಳು ಒರೆಸತೊಡಗಿದಳು.