ಮೊದಲ ತುತ್ತು ಮಾರುವವನದು

ನಬರೂಹ್ ಊರಲ್ಲಿ ಫಸೀಖ್ ಮಾರುವವನು ಗಿರಾಕಿಯ ಕಣ್ಣೆದುರೇ ಮೊದಲ ತುತ್ತು ತಿನ್ನಬೇಕು. ವಾರಗಟ್ಟಲೆ ಉಪ್ಪಿನಲ್ಲಿ ಹೂತಿಟ್ಟ ಮೀನು ಅದು. ಹದ ತಪ್ಪಿ ಕೆಟ್ಟಿತೆಂದರೆ ತಿಂದವರ ಕೈಕಾಲು ಸ್ವಾಧೀನ ತಪ್ಪಿ ಉಸಿರೇ ನಿಂತುಬಿಡುತ್ತದೆ. ಬರೀ ಬಾಯಿಮಾತನ್ನು ಯಾರು ನಂಬುತ್ತಾರೆ?

ಫಸೀಖ್ ಮಾರುವ ಬದವಿಗೆ ಆ ತುತ್ತೇ ಶತ್ರುವಾಗಿತ್ತು. ಉಪ್ಪು ಹೆಚ್ಚಾದರೆ ಅವನ ಕೈಕಾಲಿನ ಕಸುವೆಲ್ಲ ಇಳಿದುಹೋಗುತ್ತಿತ್ತು. ರಕ್ತ ನೋಡಿದ ಡಾಕ್ಟರು, ಇದು ವಂಶದಿಂದ ಬಂದ ಕಾಯಿಲೆ, ಉಪ್ಪಿನ ತಂಟೆಗೇ ಹೋಗಬೇಡ, ಮಿತಿಮೀರಿದರೆ ಎದೆಬಡಿತವೇ ನಿಂತೀತು ಎಂದಿದ್ದರು. ಹೆಂಡತಿ ಸನಿಯ್ಯಾ ವರ್ಷದಿಂದ ಅವನಿಗೆ ಸಪ್ಪೆ ಅಡುಗೆ ಮಾಡಿ ಹಾಕುತ್ತಿದ್ದಳು, ಯಾರೆದುರೂ ಬಾಯಿ ಬಿಟ್ಟಿರಲಿಲ್ಲ. ಫಸೀಖ್ ಮಾರುವವನ ಕಾಲೇ ಬಿದ್ದುಹೋಗುತ್ತದೆ ಎಂದರೆ ಊರು ಏನಂದುಕೊಳ್ಳುತ್ತದೆ, ಹೇಳಬೇಕೆ!

ವಸಂತದ ಹಬ್ಬದ ಬೆಳಗ್ಗೆ ಅಂಗಡಿ ಮುಂದೆ ಜನವೋ ಜನ. ಸನಿಯ್ಯಾಳೇ ಮೀನು ಸೀಳಿ ಬಾಯಿಗಿಟ್ಟುಕೊಂಡಳು.

"ನೀನ್ಯಾಕಮ್ಮಾ ತಿಂತೀಯ?" ಎಂದ ಸಾಲಿನ ಮುಂದಿದ್ದ ಹಾಜಿ ಮುತವಲ್ಲಿ. "ಉಪ್ಪು ಹಾಕ್ದೋನು ಅವ್ನು. ಏನೋ ಬದವಿ, ನಿನ್ನ ಮೀನು ನಿನಗೇ ಬೇಡ್ವಾ? ಹೆಂಡ್ತೀನ ಮುಂದೆ ಬಿಟ್ಟು ಕೂತಿದ್ದೀಯಲ್ಲೋ, ಗಂಡಸೇ!"

ಜನ ನಕ್ಕರು. ಹಿಂದಿನಿಂದ ಇಬ್ಬರು ಚೀಲ ಮಡಚಿಕೊಂಡು ಹೊರಟೇಬಿಟ್ಟರು.

"ದಮ್ಮಯ್ಯ ಅಂತೀನಿ, ಬೇಡ ಕಣ್ರೀ," ಸನಿಯ್ಯಾ ಪಿಸುಗುಟ್ಟಿದಳು. "ವ್ಯಾಪಾರ ಹಾಳಾಗಿ ಹೋಗ್ಲಿ."

"ಸುಮ್ನಿರೇ, ವರ್ಷದ ಅನ್ನ ಇದು."

ಬದವಿ ತಿಂದ. ಹಾಜಿಯೆದುರು ಒಂದು ತುತ್ತು, ಅವನ ಹಿಂದಿನವನೆದುರು ಇನ್ನೊಂದು. ಮಧ್ಯಾಹ್ನದವರೆಗೆ ಎಷ್ಟು ತಿಂದನೋ ಅಲ್ಲಾಹನೇ ಬಲ್ಲ.

ಪೀಪಾಯಿಗಳು ಖಾಲಿಯಾದ ಮೇಲೆ ದಣಿವಾರಿಸಿಕೊಳ್ಳಲು ಕೂತವನು ಮತ್ತೆ ಏಳಲಾರದೆ ಹೋದ. ಕೈ ಎತ್ತಲು ನೋಡಿದ, ಆಗಲಿಲ್ಲ. ಹಾಗೇ ನೆಲಕ್ಕೆ ಜಾರಿದ.

"ಅಯ್ಯೋ, ಮೀನು ವಿಷ!" ಎಂದು ಬೀದಿಯಲ್ಲಿ ಯಾರೋ ಕೂಗಿದರು.

"ಮೀನಲ್ಲಪ್ಪಾ, ಉಪ್ಪು!" ಸನಿಯ್ಯಾ ಅರಚಿದಳು. "ಇವರಿಗೆ ಕಾಯಿಲೆ ಇದೆ, ವರ್ಷದಿಂದ ಇದೆ!"

"ವರ್ಷದಿಂದ ಇದ್ದದ್ದನ್ನ ಇವತ್ತು ಹೇಳ್ತೀಯೇನೇ, ಪಾಪಿ?" ಓಡಿಬಂದ ಹಾಜಿ ಹಲ್ಲು ಕಡಿದ. "ನನ್ನ ಮೊಮ್ಮಕ್ಕಳು ತಿಂದಿದ್ದಾವೆ!"

ಬೀದಿಯ ಗಾಡಿಗಳೆಲ್ಲ ಏನೂ ಆಗದವರನ್ನು ತುಂಬಿಕೊಂಡು ಆಸ್ಪತ್ರೆಗೆ ಓಡಿದವು. ಬದವಿಗೆ ಒಂದರಲ್ಲೂ ಜಾಗವಿರಲಿಲ್ಲ. ಸನಿಯ್ಯಾ ಗಾಡಿ ಗಾಡಿಗೂ ಅಡ್ಡ ನಿಂತು ಅಂಗಲಾಚಿದಳು, ಒಬ್ಬನಾದರೂ ನಿಲ್ಲಿಸಬೇಕಲ್ಲ!

ಸಂಜೆ ಎಲ್ಲರೂ ಅವರವರ ಕಾಲ ಮೇಲೆ ನಡೆದುಕೊಂಡೇ ಮನೆಗೆ ಬಂದರು. ಮೀನಿನಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಹಾಜಿಯೇ ಬೀದಿಗೆಲ್ಲ ಸಾರಿಕೊಂಡು ಬಂದು ಬಾಗಿಲು ತಟ್ಟಿದ. ಸನಿಯ್ಯಾ ತೆರೆಯಲಿಲ್ಲ. ಒಳಗೆ ಬದವಿಗೆ ಕಡೆಯ ಸ್ನಾನ ಮಾಡಿಸುತ್ತಿದ್ದರು.